ಕ್ಲಚ್ ಹಿಡಿದರೆ ಮಾತ್ರ ಸೆಲ್ಫ್ ಯಾಕೆ? ಬೈಕಿನ ಕ್ಲಚ್ ಸ್ವಿಚ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕ್ ಸ್ಟಾರ್ಟ್ ಆಗದಿದ್ದರೆ ಎಲ್ಲರೂ ಮೊದಲು ಅನುಮಾನ ಪಡುವುದು ಬ್ಯಾಟರಿಯನ್ನು, ಆಮೇಲೆ ಸ್ಟಾರ್ಟರ್ ಮೋಟಾರನ್ನು. ಎಡಗೈ ಲಿವರಿನ ಬುಡದಲ್ಲಿರುವ ಪುಟ್ಟ ಸ್ವಿಚ್ ನೆನಪಾಗುವ ಹೊತ್ತಿಗೆ ಅರ್ಧ ಬೈಕ್ ಬಿಚ್ಚಿ ಆಗಿರುತ್ತದೆ. ಈ ಸ್ವಿಚ್ ಬಗ್ಗೆ ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಸುಲಭವಾದವು ಮೊದಲು, ಮಲ್ಟಿಮೀಟರ್ (ಕರೆಂಟ್, ವೋಲ್ಟೇಜ್ ಅಳೆಯುವ ಉಪಕರಣ) ಹಿಡಿಯಬೇಕಾದವು ಕೊನೆಯಲ್ಲಿ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲು ತಿಳಿಯಬೇಕಾದದ್ದು

ಕ್ಲಚ್ ಹಿಡಿಯದೆ ಸೆಲ್ಫ್ ಒತ್ತಿದರೆ ಬೈಕ್ ಸುಮ್ನೆ ಇರುತ್ತೆ. ಏನಾದ್ರೂ ಕೆಟ್ಟಿದೆಯಾ?

ಬೈಕ್ ಗೇರಿನಲ್ಲಿದ್ದರೆ ಏನೂ ಕೆಟ್ಟಿಲ್ಲ. ಅದು ಹಾಗೇ ಇರಬೇಕು. ಕ್ಲಚ್ ಲಿವರ್ ಎಳೆದಾಗ ಮಾತ್ರ ಸ್ಟಾರ್ಟರಿಗೆ ಕರೆಂಟ್ ಹೋಗಲಿ ಎಂದು ಅಲ್ಲಿ ಒಂದು ಸ್ವಿಚ್ ಇಟ್ಟಿರುತ್ತಾರೆ. ಲಿವರ್ ಪೂರ್ತಿ ಹಿಡಿದು ಇನ್ನೊಮ್ಮೆ ಒತ್ತಿ ನೋಡಿ. ಸ್ಟಾರ್ಟ್ ಆದರೆ ಸ್ವಿಚ್ ತನ್ನ ಕೆಲಸ ಮಾಡುತ್ತಿದೆ ಎಂದರ್ಥ.

ಲಿವರ್ ಹಿಡಿದರೂ ಆಗಲಿಲ್ಲವೆಂದರೆ ಬಲಗೈ ಕಡೆಯ ಕೆಂಪು ಎಂಜಿನ್ ಸ್ಟಾಪ್ ಸ್ವಿಚ್ ನೋಡಿ. ಯಾರದ್ದೋ ಕೈ ತಾಗಿ ಅದು ಆಫ್ ಆಗಿರುವುದು ತುಂಬಾ ಸಾಮಾನ್ಯ. ಅದನ್ನು ನೋಡದೆ ಮುಂದೆ ಹೋಗಲೇಬೇಡಿ.

ಆ ಸ್ವಿಚ್ ಎಲ್ಲಿರುತ್ತೆ? ಕಣ್ಣಿಗೆ ಕಾಣುತ್ತಾ?

ಕಾಣುತ್ತದೆ. ಕ್ಲಚ್ ಲಿವರನ್ನು ಹ್ಯಾಂಡಲಿಗೆ ಹಿಡಿದಿಟ್ಟಿರುವ ಬ್ರಾಕೆಟಿನ ಕೆಳಗೆ ಅಥವಾ ಪಕ್ಕದಲ್ಲಿ, ಲಿವರಿನ ಪಿವಟ್ ಬೋಲ್ಟಿಗೆ ಹತ್ತಿರ ನೋಡಿ. ಬೆರಳ ತುದಿಯಷ್ಟು ದೊಡ್ಡ ಕಪ್ಪು ಪ್ಲಾಸ್ಟಿಕ್ ತುಂಡು, ಅದರಿಂದ ಹೊರಟ ಎರಡು ತೆಳು ವೈರ್. ಅದೇ ಕ್ಲಚ್ ಸ್ವಿಚ್. ಕೆಲವು ಬೈಕುಗಳಲ್ಲಿ ಮೂರು ವೈರ್ ಇರುವುದೂ ಉಂಟು.

ಲಿವರನ್ನು ನಿಧಾನಕ್ಕೆ ಎಳೆದು ಬಿಡುತ್ತಾ ಹತ್ತಿರದಿಂದ ಗಮನಿಸಿ. ಸ್ವಿಚ್ಚಿನ ಮೂತಿಯಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ. ಲಿವರಿನ ಬುಡದ ಒಂದು ಮೂಲೆ ಆ ಗುಂಡಿಯನ್ನು ಒತ್ತುತ್ತದೆ, ಇಲ್ಲವೇ ಒತ್ತಿದ್ದನ್ನು ಬಿಡುತ್ತದೆ. ಮೈಕ್ರೋಸ್ವಿಚ್ ಆಗಿದ್ದರೆ ‘ಟಿಕ್’ ಎಂದು ಕೇಳಿಸುತ್ತದೆ. ಎಂಜಿನ್ ಆಫ್ ಇದ್ದಾಗ, ಗದ್ದಲವಿಲ್ಲದ ಜಾಗದಲ್ಲಿ ಕಿವಿಗೊಟ್ಟು ಕೇಳಿ. ಟಿಕ್ ಅನ್ನದ ಸ್ವಿಚ್ಚುಗಳೂ ಇವೆ. ಹಾಗಾಗಿ ಸದ್ದು ಬರಲಿಲ್ಲ ಎಂದ ಮಾತ್ರಕ್ಕೆ ಕೆಟ್ಟಿದೆ ಅನ್ನಲಾಗದು.

ಗೇರಿನಲ್ಲಿದ್ದಾಗ ಸೆಲ್ಫ್ ತಿರುಗಿದರೆ ಅಂಥದ್ದೇನಾಗುತ್ತೆ?

ಕ್ಲಚ್ ಬಿಟ್ಟಿದ್ದು ಗೇರಿನಲ್ಲಿದ್ದರೆ ಎಂಜಿನ್ನಿಗೂ ಹಿಂದಿನ ಚಕ್ರಕ್ಕೂ ನೇರ ಸಂಪರ್ಕ ಇರುತ್ತದೆ. ಸ್ಟಾರ್ಟರ್ ಮೋಟಾರ್ ಎಂಜಿನ್ನನ್ನು ತಿರುಗಿಸಿದರೆ ಚಕ್ರವೂ ತಿರುಗಲೇಬೇಕು. ಬೈಕ್ ಒಂದೇ ಸಲ ಮುಂದಕ್ಕೆ ಜಿಗಿಯುತ್ತದೆ. ಎಂಜಿನ್ ಹತ್ತಿಕೊಂಡರೆ ಜಿಗಿತ ಅಲ್ಲಿಗೇ ನಿಲ್ಲುವುದಿಲ್ಲ.

ಸೀಟಿನ ಮೇಲೆ ಕೂತು ಎರಡೂ ಕಾಲು ಊರಿದ್ದರೆ ಹೇಗೋ ಸಂಭಾಳಿಸಬಹುದು. ಆದರೆ ಎಷ್ಟೋ ಜನ ಬೈಕಿನ ಪಕ್ಕದಲ್ಲಿ ನಿಂತು, ಒಂದೇ ಕೈಯಲ್ಲಿ ಸೆಲ್ಫ್ ಒತ್ತುತ್ತಾರೆ. ಆಗ ಬೈಕ್ ಸ್ಟ್ಯಾಂಡಿನಿಂದ ಕಳಚಿ ಕಾಲಿನ ಮೇಲೆ ಬೀಳಬಹುದು, ಎದುರಿಗೆ ನಿಂತವರಿಗೆ ಗುದ್ದಬಹುದು. ಮಕ್ಕಳು ಬೈಕ್ ಮೇಲೆ ಕೂತು ಬಟನ್ ಒತ್ತುವ ಮನೆಗಳಲ್ಲಂತೂ ಈ ಸ್ವಿಚ್ ಸರಿಯಾಗಿ ಇರಲೇಬೇಕು.

ಗೆಳೆಯನ ಬೈಕ್ ನ್ಯೂಟ್ರಲ್‌ನಲ್ಲಿ ಕ್ಲಚ್ ಹಿಡಿಯದೇ ಸ್ಟಾರ್ಟ್ ಆಗುತ್ತೆ. ನನ್ನದು ನ್ಯೂಟ್ರಲ್‌ನಲ್ಲೂ ಕ್ಲಚ್ ಕೇಳುತ್ತೆ. ಯಾವುದು ಸರಿ?

ಎರಡೂ ಸರಿ. ಕಂಪನಿಗಳು ಎರಡು ಬಗೆಯಲ್ಲಿ ಯೋಚಿಸಿವೆ.

ಮೊದಲನೇ ಬಗೆಯಲ್ಲಿ, ನ್ಯೂಟ್ರಲ್ ಇದ್ದರೆ ಸಾಕು, ಕ್ಲಚ್ ಬೇಡ. ಗೇರಿನಲ್ಲಿದ್ದರೆ ಮಾತ್ರ ಕ್ಲಚ್ ಹಿಡಿಯಬೇಕು. ಹೋಂಡಾ, ಯಮಾಹಾಗಳ ಬಹಳಷ್ಟು ಬೈಕುಗಳು ಹೀಗಿವೆ. ಎರಡನೇ ಬಗೆಯಲ್ಲಿ, ಗೇರು ಯಾವುದೇ ಇರಲಿ ಕ್ಲಚ್ ಹಿಡಿಯಲೇಬೇಕು. ಸುಜುಕಿಯ ಅನೇಕ ಹಳೆಯ ಬೈಕುಗಳು ಈ ಜಾತಿಯವು.

ನಿಮ್ಮ ಬೈಕ್ ಯಾವ ಬಗೆ ಎಂದು ಅದು ಚೆನ್ನಾಗಿರುವಾಗಲೇ ತಿಳಿದುಕೊಳ್ಳಿ. ಮುಂದೆ ಸ್ಟಾರ್ಟ್ ಆಗದೆ ನಿಂತಾಗ ಅರ್ಧ ಕೆಲಸ ಉಳಿತಾಯವಾಗುತ್ತದೆ. ಬೈಕಿನ ಜೊತೆ ಬಂದ ಪುಸ್ತಕದಲ್ಲಿ ಸ್ಟಾರ್ಟ್ ಮಾಡುವ ಪುಟದಲ್ಲೇ ಇದನ್ನು ಬರೆದಿರುತ್ತಾರೆ.

ನ್ಯೂಟ್ರಲ್ ಲೈಟ್ ಉರಿಯುತ್ತಿದೆ. ಆದರೂ ಕ್ಲಚ್ ಹಿಡಿದೇ ಸ್ಟಾರ್ಟ್ ಮಾಡಬೇಕಾ?

ಬೈಕ್ ಕೇಳದಿದ್ದರೂ ಹಿಡಿಯಿರಿ ಎಂದೇ ನಾನು ಹೇಳುತ್ತೇನೆ. ನ್ಯೂಟ್ರಲ್ ಲೈಟ್ ಉರಿಯುವುದು ಗೇರ್‌ಬಾಕ್ಸಿನ ಒಂದು ಸ್ವಿಚ್ಚಿನ ಮಾತು ನಂಬಿ. ಆ ವೈರ್ ಎಲ್ಲಾದರೂ ಸವೆದು ಬೈಕಿನ ಲೋಹದ ಬಾಡಿಗೆ ತಾಗಿದರೆ, ಗೇರಿನಲ್ಲಿದ್ದರೂ ಹಸಿರು ಲೈಟ್ ಉರಿಯುತ್ತದೆ. ಆಗ ಕ್ಲಚ್ ಹಿಡಿಯದೆ ಸೆಲ್ಫ್ ಒತ್ತಿದರೂ ಸ್ಟಾರ್ಟರ್ ತಿರುಗುತ್ತದೆ. ನಿಮ್ಮ ಎಡಗೈ ಲಿವರ್ ಮೇಲಿದ್ದರೆ ಆ ತಪ್ಪಿನಿಂದ ಏಟಾಗುವುದಿಲ್ಲ.

ಇನ್ನೊಂದು ಸಣ್ಣ ಲಾಭವೂ ಇದೆ. ಕ್ಲಚ್ ಹಿಡಿದಾಗ ಗೇರ್‌ಬಾಕ್ಸಿನ ಶಾಫ್ಟನ್ನು ಎಳೆದು ತಿರುಗಿಸುವ ಭಾರ ಸ್ಟಾರ್ಟರಿಗೆ ಕಡಿಮೆ. ಚಳಿಯಲ್ಲಿ ಆಯಿಲ್ ದಪ್ಪಗಾದಾಗ, ಬ್ಯಾಟರಿಯೂ ಸ್ವಲ್ಪ ಸೋತಿದ್ದಾಗ ಅಷ್ಟೇ ನೆರವೂ ಉಪಯೋಗಕ್ಕೆ ಬರುತ್ತದೆ.

ಸ್ಕೂಟರಿಗೆ ಕ್ಲಚ್ಚೇ ಇಲ್ಲವಲ್ಲ, ಅದಕ್ಕೆ ಏನು?

ಅಲ್ಲಿ ಬ್ರೇಕ್ ಲಿವರಿನ ಸ್ವಿಚ್ ಈ ಕೆಲಸ ಮಾಡುತ್ತದೆ. ಬ್ರೇಕ್ ಹಿಡಿದರೆ ಮಾತ್ರ ಸೆಲ್ಫ್. ಬ್ರೇಕ್ ಹಿಡಿದಾಗ ಹಿಂದಿನ ಕೆಂಪು ಲೈಟ್ ಉರಿಯದಿದ್ದರೆ, ಬಲ್ಬ್ ಜೊತೆಗೆ ಆ ಸ್ವಿಚ್ಚನ್ನೂ ನೋಡಿ.

## ಒಳಗೆ ನಡೆಯುವುದೇನು

ಬಟನ್ ಒತ್ತಿದ ಮೇಲೆ ಕರೆಂಟ್ ಯಾವ ದಾರಿಯಲ್ಲಿ ಹೋಗುತ್ತೆ? ಈ ಸ್ವಿಚ್ ಮಧ್ಯೆ ಎಲ್ಲಿ ಬರುತ್ತೆ?

ಇದೊಂದು ಅರ್ಥವಾದರೆ ಮುಂದಿನ ಪ್ರಶ್ನೆಗಳೆಲ್ಲ ಹಗುರಾಗುತ್ತವೆ. ಸ್ವಲ್ಪ ನಿಧಾನವಾಗಿ ಓದಿ.

ಸ್ಟಾರ್ಟರ್ ಮೋಟಾರ್ ತುಂಬಾ ಕರೆಂಟ್ ಎಳೆಯುತ್ತದೆ. ಸಣ್ಣ ಬೈಕಿನಲ್ಲಿ ಹತ್ತಾರು ಆಂಪಿಯರ್, ದೊಡ್ಡ ಎಂಜಿನ್ನಿನಲ್ಲಿ ನೂರನ್ನೂ ದಾಟಬಹುದು. ಅಷ್ಟು ಕರೆಂಟು ಹ್ಯಾಂಡಲ್ ಮೇಲಿನ ಬಟನ್ ಮೂಲಕ ಹೋದರೆ ಬಟನ್ ಸುಟ್ಟೇ ಹೋಗುತ್ತದೆ. ಅದಕ್ಕೇ ನಡುವೆ ರಿಲೇ ಇರುತ್ತದೆ. ರಿಲೇ ಒಳಗೆ ತಂತಿಯ ಒಂದು ಕಾಯಿಲ್. ಆ ಕಾಯಿಲಿಗೆ ಎರಡು ಮೂರು ಆಂಪಿಯರ್ ಸಿಕ್ಕರೆ ಸಾಕು, ಅದು ಅಯಸ್ಕಾಂತವಾಗಿ ದಪ್ಪ ಕಾಂಟ್ಯಾಕ್ಟನ್ನು ಎಳೆದುಕೊಳ್ಳುತ್ತದೆ. ಬ್ಯಾಟರಿಯ ದೊಡ್ಡ ಕರೆಂಟ್ ಆ ಕಾಂಟ್ಯಾಕ್ಟ್ ಮೂಲಕ ಮೋಟಾರಿಗೆ ಹೋಗುತ್ತದೆ. ‘ಟಕ್’ ಎಂದು ಕೇಳಿಸುವುದು ಆ ಕಾಂಟ್ಯಾಕ್ಟ್ ಕೂಡಿಕೊಂಡ ಸದ್ದು.

ಕ್ಲಚ್ ಸ್ವಿಚ್ ಇರುವುದು ಕಾಯಿಲಿನ ಸಣ್ಣ ಕರೆಂಟಿನ ದಾರಿಯಲ್ಲಿ. ಬ್ಯಾಟರಿ, ಫ್ಯೂಸ್, ಕೀ, ಎಂಜಿನ್ ಸ್ಟಾಪ್ ಸ್ವಿಚ್, ಸೆಲ್ಫ್ ಬಟನ್, ರಿಲೇ ಕಾಯಿಲ್, ಕೊನೆಗೆ ಅರ್ಥ್, ಅಂದರೆ ಬ್ಯಾಟರಿಯ ಮೈನಸ್ ಸೇರಿದ ಬೈಕಿನ ಲೋಹದ ಬಾಡಿ. ಈ ಸರಪಳಿಯಲ್ಲಿ ಎಲ್ಲೋ ಒಂದು ಕಡೆ ಕ್ಲಚ್ ಸ್ವಿಚ್ ಕೊಂಡಿಯಾಗಿ ಕೂತಿರುತ್ತದೆ. ಬಹಳ ಬೈಕುಗಳಲ್ಲಿ ಅದು ಅರ್ಥ್ ಕಡೆಗಿದೆ. ಕಾಯಿಲ್ ದಾಟಿ ಬಂದ ಕರೆಂಟು ಬಾಡಿಗೆ ಸೇರಲು ಎರಡು ದಾರಿ. ಒಂದು, ನ್ಯೂಟ್ರಲ್ ಸ್ವಿಚ್ ಮೂಲಕ. ಇನ್ನೊಂದು, ಕ್ಲಚ್ ಸ್ವಿಚ್ ಮತ್ತು ಸೈಡ್ ಸ್ಟ್ಯಾಂಡ್ ಸ್ವಿಚ್ ಎರಡೂ ದಾಟಿ. ಯಾವುದಾದರೂ ಒಂದು ದಾರಿ ತೆರೆದಿದ್ದರೆ ರಿಲೇ ಎಳೆಯುತ್ತದೆ. ಎರಡೂ ಮುಚ್ಚಿದ್ದರೆ ಬಟನ್ ಎಷ್ಟು ಒತ್ತಿದರೂ ಅಷ್ಟೇ.

ಹೊಸ ಬೈಕುಗಳಲ್ಲಿ ಈ ಲೆಕ್ಕವನ್ನು ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಮಾಡುವುದುಂಟು. ಅಲ್ಲಿ ಸ್ವಿಚ್ಚು ಸುದ್ದಿ ಮುಟ್ಟಿಸುತ್ತದೆ, ರಿಲೇ ಎಳೆಯಬೇಕೋ ಬೇಡವೋ ಎಂದು ಇಸಿಯು ತೀರ್ಮಾನಿಸುತ್ತದೆ.

ಸೈಡ್ ಸ್ಟ್ಯಾಂಡ್ ಹಾಕಿದ್ದಾಗ ಕ್ಲಚ್ ಹಿಡಿದರೂ ಸ್ಟಾರ್ಟ್ ಆಗಲ್ಲ, ಯಾಕೆ?

ಗೇರಿನಲ್ಲಿದೆ, ಅದಕ್ಕೆ. ಸ್ಟ್ಯಾಂಡ್ ಕೆಳಗಿದ್ದಾಗ ಎರಡನೇ ದಾರಿ ಮುಚ್ಚಿರುತ್ತದೆ. ಉಳಿಯುವುದು ನ್ಯೂಟ್ರಲ್ ದಾರಿ ಒಂದೇ. ನ್ಯೂಟ್ರಲ್ ಮಾಡಿ, ಇಲ್ಲವೇ ಸ್ಟ್ಯಾಂಡ್ ಎತ್ತಿ.

ಓಡುತ್ತಿರುವ ಎಂಜಿನ್ನಿಗೂ ಸ್ಟ್ಯಾಂಡ್ ಸ್ವಿಚ್ ಕಡಿವಾಣ ಹಾಕುತ್ತದೆ. ಸ್ಟ್ಯಾಂಡ್ ಇಳಿಸಿಯೇ ಗೇರು ಹಾಕಿದರೆ ಎಂಜಿನ್ ಆಫ್ ಆಗುತ್ತದೆ. ಇದನ್ನು ನೋಡಿ ‘ಕ್ಲಚ್ ಸ್ವಿಚ್ ಹೋಗಿದೆ’ ಎಂದುಕೊಳ್ಳುವವರು ಬಹಳ. ಸ್ಟ್ಯಾಂಡಿನ ಬುಡದ ಸ್ವಿಚ್ಚಿಗೆ ಕೆಸರು ಮೆತ್ತಿ, ಸ್ಟ್ಯಾಂಡ್ ಎತ್ತಿದ್ದರೂ ಅದಕ್ಕೆ ಗೊತ್ತಾಗದಿರುವುದೂ ಸಾಮಾನ್ಯ. ಅದು ರಸ್ತೆಗೆ ಹತ್ತಿರ ಇರುವುದರಿಂದ ಕ್ಲಚ್ ಸ್ವಿಚ್ಚಿಗಿಂತ ಜಾಸ್ತಿ ಪೆಟ್ಟು ತಿನ್ನುತ್ತದೆ.

ಕ್ಲಚ್ ಪೂರ್ತಿ ಹಿಡಿದೇ ಸೆಲ್ಫ್ ಒತ್ತಿದೆ. ಆದರೂ ಬೈಕ್ ಮುಂದಕ್ಕೆ ಎಗರಿತು. ಸ್ವಿಚ್ ಕೈಕೊಟ್ಟಿತಾ?

ಇಲ್ಲ. ಸ್ವಿಚ್ಚಿಗೆ ಗೊತ್ತಾಗುವುದು ಲಿವರ್ ಎಲ್ಲಿದೆ ಎಂಬುದಷ್ಟೇ. ಒಳಗೆ ಕ್ಲಚ್ ಪ್ಲೇಟುಗಳು ನಿಜವಾಗಿ ಬಿಟ್ಟುಕೊಂಡಿವೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಬೈಕಿನ ಕ್ಲಚ್ ಪ್ಲೇಟುಗಳು ಸಾಮಾನ್ಯವಾಗಿ ಆಯಿಲಿನಲ್ಲಿ ಮುಳುಗಿರುತ್ತವೆ. ಬೆಳಗಿನ ಚಳಿಯಲ್ಲಿ ದಪ್ಪಗಾದ ಆಯಿಲ್ ಪ್ಲೇಟುಗಳನ್ನು ಒಂದಕ್ಕೊಂದು ಎಳೆಯುತ್ತದೆ. ತಿಂಗಳುಗಟ್ಟಲೆ ನಿಂತ ಬೈಕಿನಲ್ಲಿ ಪ್ಲೇಟುಗಳು ಅಂಟಿಕೊಂಡೇ ಬಿಟ್ಟಿರುತ್ತವೆ. ಕೇಬಲ್ ಸಡಿಲವಾಗಿದ್ದರೆ ಲಿವರಿನ ಎಳೆತದಲ್ಲಿ ಮುಕ್ಕಾಲು ಪಾಲು ಸಡಿಲು ತುಂಬುವುದಕ್ಕೇ ಖರ್ಚಾಗುತ್ತದೆ. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಗಾಳಿ ಸೇರಿದ್ದರೂ ಹಾಗೇ. ಇಷ್ಟೂ ಸಂದರ್ಭಗಳಲ್ಲಿ ಲಿವರ್ ಗ್ರಿಪ್ಪಿಗೆ ತಾಗುತ್ತದೆ, ಸ್ವಿಚ್ ‘ಸರಿ’ ಅನ್ನುತ್ತದೆ, ಚಕ್ರ ಮಾತ್ರ ಎಂಜಿನ್ನಿಗೆ ಕಟ್ಟಿಕೊಂಡೇ ಇರುತ್ತದೆ. ಕೆಲವು ಸ್ವಿಚ್ಚುಗಳು ಲಿವರ್ ಅರ್ಧ ಎಳೆಯುವಷ್ಟರಲ್ಲೇ ಕೂಡಿಕೊಳ್ಳುತ್ತವೆ. ಅವುಗಳಲ್ಲಿ ಅರೆಬರೆ ಹಿಡಿದ ಕ್ಲಚ್ಚಿಗೂ ಸೆಲ್ಫ್ ತಿರುಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಲಿವರ್ ತುದಿಯಲ್ಲಿ ಫ್ರೀ ಪ್ಲೇ (ಕ್ಲಚ್ ಎಳೆಯಲು ಶುರುವಾಗುವ ಮೊದಲು ಲಿವರ್ ಸುಮ್ಮನೆ ಆಡುವ ಅಂತರ) ಎಷ್ಟಿರಬೇಕೆಂದು ಪುಸ್ತಕದಲ್ಲಿ ನೋಡಿ. ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರ್ ಒಳಗೆ ಇರುತ್ತದೆ. ಬಹಳ ದಿನ ನಿಂತ ಬೈಕಾದರೆ, ಎಂಜಿನ್ ಆಫ್ ಇರುವಾಗಲೇ ಗೇರು ಹಾಕಿ, ಕ್ಲಚ್ ಹಿಡಿದು, ಹಿಂದಕ್ಕೂ ಮುಂದಕ್ಕೂ ನಾಲ್ಕಾರು ಸಲ ತಳ್ಳಿ. ಅಂಟಿದ ಪ್ಲೇಟು ಬಿಟ್ಟುಕೊಂಡಾಗ ಬೈಕ್ ಹಗುರಾಗಿ ಉರುಳುತ್ತದೆ, ಕೈಗೇ ಗೊತ್ತಾಗುತ್ತದೆ. ಆಮೇಲೆ ನ್ಯೂಟ್ರಲ್‌ಗೆ ತಂದು, ಮುಂದಿನ ಬ್ರೇಕ್ ಹಿಡಿದು ಸೆಲ್ಫ್ ಒತ್ತಿ.

ಕಿಕ್ ಹೊಡೆದರೆ, ಇಲ್ಲವೇ ತಳ್ಳಿ ಸ್ಟಾರ್ಟ್ ಮಾಡಿದರೆ ಈ ಸ್ವಿಚ್ ಅಡ್ಡ ಬರುತ್ತಾ?

ಸಾಮಾನ್ಯವಾಗಿ ಬರುವುದಿಲ್ಲ. ಅದು ತಡೆಯುವುದು ಸ್ಟಾರ್ಟರ್ ಮೋಟಾರನ್ನು ಮಾತ್ರ, ಸ್ಪಾರ್ಕನ್ನಲ್ಲ. ಆದರೆ ಸೈಡ್ ಸ್ಟ್ಯಾಂಡ್ ಸ್ವಿಚ್ ಸ್ಪಾರ್ಕನ್ನೂ ನಿಲ್ಲಿಸುತ್ತದೆ, ಹಾಗಾಗಿ ಸ್ಟ್ಯಾಂಡ್ ಎತ್ತಿರಬೇಕು. ಇಂಜೆಕ್ಷನ್ ಬೈಕಾದರೆ ಪೆಟ್ರೋಲ್ ಪಂಪು, ಇಸಿಯು ಓಡುವಷ್ಟಾದರೂ ಬ್ಯಾಟರಿಯಲ್ಲಿ ಜೀವ ಬೇಕು.

## ಸ್ಟಾರ್ಟ್ ಆಗದೆ ನಿಂತಾಗ

ಲೈಟ್, ಹಾರ್ನ್ ಎಲ್ಲ ಚೆನ್ನಾಗಿದೆ, ಸೆಲ್ಫ್ ಮಾತ್ರ ಇಲ್ಲ. ಕ್ಲಚ್ ಸ್ವಿಚ್ಚೇ ಅಂತ ಹೇಗೆ ಗೊತ್ತಾಗುತ್ತೆ?

ಉಪಕರಣ ಏನೂ ಬೇಡ, ಕಿವಿ ಸಾಕು. ಬಟನ್ ಒತ್ತಿದಾಗ ಸೀಟಿನ ಕೆಳಗೆ ಅಥವಾ ಪಕ್ಕದ ಕವರಿನೊಳಗೆ ‘ಟಕ್’ ಎಂದು ಕೇಳಿಸುತ್ತದೆಯೇ?

ಟಕ್ ಎಂದಿತು, ಮೋಟಾರ್ ತಿರುಗಲಿಲ್ಲ ಎಂದರೆ ಕ್ಲಚ್ ಸ್ವಿಚ್ ನಿರಪರಾಧಿ. ಅದು ದಾರಿ ಬಿಟ್ಟಿದ್ದಕ್ಕೇ ರಿಲೇ ಎಳೆದಿದೆ. ಬ್ಯಾಟರಿ, ಬ್ಯಾಟರಿ ಟರ್ಮಿನಲ್, ರಿಲೇಯ ದಪ್ಪ ಕಾಂಟ್ಯಾಕ್ಟ್, ಮೋಟಾರಿನ ಬ್ರಷ್ ಈ ಕಡೆ ಹುಡುಕಿ. ‘ಟಕಟಕಟಕ’ ಎಂದು ಬಡಿದುಕೊಂಡರೆ ಹೆಚ್ಚಾಗಿ ಬ್ಯಾಟರಿಯೇ ಕಾರಣ.

ಸದ್ದೇ ಇಲ್ಲದಿದ್ದರೆ ತೊಂದರೆ ಸಣ್ಣ ಕರೆಂಟಿನ ದಾರಿಯಲ್ಲಿದೆ. ಈಗ ಎರಡು ಪ್ರಯೋಗ ಮಾಡಿ. ಒಂದು: ನ್ಯೂಟ್ರಲ್ ಮಾಡಿ, ಕ್ಲಚ್ ಬಿಟ್ಟು ಒತ್ತಿ. ಎರಡು: ಬೈಕ್ ಮೇಲೆ ಕೂತು, ಸ್ಟ್ಯಾಂಡ್ ಎತ್ತಿ, ಒಂದನೇ ಗೇರು ಹಾಕಿ, ಕ್ಲಚ್ ಮತ್ತು ಬ್ರೇಕ್ ಎರಡೂ ಪೂರ್ತಿ ಹಿಡಿದು ಒತ್ತಿ. ನ್ಯೂಟ್ರಲ್‌ನಲ್ಲಿ ಆಗುತ್ತದೆ, ಗೇರಿನಲ್ಲಿ ಆಗುವುದಿಲ್ಲ ಎಂದರೆ ಕ್ಲಚ್ ಸ್ವಿಚ್ ಅಥವಾ ಸ್ಟ್ಯಾಂಡ್ ಸ್ವಿಚ್. ಗೇರಿನಲ್ಲಿ ಆಗುತ್ತದೆ, ನ್ಯೂಟ್ರಲ್‌ನಲ್ಲಿ ಆಗುವುದಿಲ್ಲ ಎಂದರೆ ನ್ಯೂಟ್ರಲ್ ಕಡೆಯ ದಾರಿ ಕೆಟ್ಟಿದೆ, ಕ್ಲಚ್ ಸ್ವಿಚ್ ಚೆನ್ನಾಗಿದೆ. ಎರಡರಲ್ಲೂ ಇಲ್ಲವೆಂದರೆ ಫ್ಯೂಸ್, ಸ್ಟಾಪ್ ಸ್ವಿಚ್, ಸೆಲ್ಫ್ ಬಟನ್ ಇವುಗಳನ್ನು ಮೊದಲು ನೋಡಿ. ಎರಡು ಸ್ವಿಚ್ ಒಟ್ಟಿಗೆ ಕೆಡುವುದು ಅಪರೂಪ.

ಗೇರು ಯಾವುದಿದ್ದರೂ ಕ್ಲಚ್ ಕೇಳುವ ಬೈಕಿನಲ್ಲಿ ಈ ಪ್ರಯೋಗ ನಡೆಯುವುದಿಲ್ಲ. ಅಲ್ಲಿ ಕ್ಲಚ್ ಸ್ವಿಚ್ ಕೆಟ್ಟರೆ ಸೆಲ್ಫ್ ಎಲ್ಲೂ ತಿರುಗದು. ಹಾಗಾಗಿ ಅಂಥ ಬೈಕಿನಲ್ಲಿ ಇದನ್ನು ಮೊದಲೇ ಅನುಮಾನಿಸಬೇಕು.

ಒಮ್ಮೆ ಆಗುತ್ತೆ, ಒಮ್ಮೆ ಆಗಲ್ಲ. ಲಿವರ್ ನಾಲ್ಕು ಸಲ ಪಟಪಟ ಹೊಡೆದರೆ ಆಗುತ್ತೆ.

ನೀವೇ ರೋಗ ಹೇಳಿಬಿಟ್ಟಿದ್ದೀರಿ. ಸ್ವಿಚ್ ಒಳಗಿನ ಕಾಂಟ್ಯಾಕ್ಟ್ ಕಪ್ಪಾಗಿದೆ, ಇಲ್ಲವೇ ಗುಂಡಿ ಧೂಳು ಕಟ್ಟಿ ಅಂಟಿಕೊಳ್ಳುತ್ತಿದೆ. ಪಟಪಟ ಹೊಡೆದಾಗ ಅದು ಹೇಗೋ ಒಂದು ಸಲ ಸರಿಯಾಗಿ ಕೂರುತ್ತದೆ.

ಲಿವರ್ ಹೊಡೆದರೆ ಏನೂ ಬದಲಾಗದೆ, ಹ್ಯಾಂಡಲ್ ತಿರುಗಿಸಿದಾಗ ಮಾತ್ರ ಸ್ಟಾರ್ಟ್ ಆದರೆ ಅದು ಬೇರೆ ಕಥೆ. ಹ್ಯಾಂಡಲಿನಿಂದ ಬರುವ ವೈರುಗಳ ಕಟ್ಟು ಸ್ಟೀರಿಂಗ್ ಕತ್ತಿನ ಹತ್ತಿರ ದಿನಾ ಬಾಗಿ ಬಾಗಿ, ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿದ್ದರೂ ಒಳಗಿನ ತಾಮ್ರದ ಎಳೆ ಕಡಿದಿರುತ್ತದೆ. ನ್ಯೂಟ್ರಲ್‌ನಲ್ಲಿ ಕ್ಲಚ್ ಹಿಡಿದು, ಬಟನ್ ಒತ್ತಿಕೊಂಡೇ ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ ನಿಧಾನವಾಗಿ ತಿರುಗಿಸಿ ನೋಡಿ. ವೈರನ್ನು ಮೆಲ್ಲಗೆ ಎಳೆದಾಗ ಒಂದು ಜಾಗದಲ್ಲಿ ಅದು ರಬ್ಬರಿನಂತೆ ಹಿಗ್ಗಿದರೆ ಒಳಗೆ ಕಡಿದಿರುವುದು ಅಲ್ಲೇ.

ಹೊಸ ಲಿವರ್ ಹಾಕಿಸಿದ ದಿನದಿಂದ ಸೆಲ್ಫ್ ಇಲ್ಲ. ಲಿವರಿಗೂ ಸೆಲ್ಫಿಗೂ ಏನು ಸಂಬಂಧ?

ನೇರ ಸಂಬಂಧ. ಕಂಪನಿ ಲಿವರಿನ ಬುಡದಲ್ಲಿ ಸ್ವಿಚ್ಚಿನ ಗುಂಡಿ ಒತ್ತಲೆಂದೇ ಒಂದು ಮೂಲೆ ಇರುತ್ತದೆ. ಹೊರಗಿನ ಲಿವರುಗಳಲ್ಲಿ ಆ ಮೂಲೆ ಒಂದೆರಡು ಮಿಲಿಮೀಟರ್ ಗಿಡ್ಡವಾಗಿದ್ದರೂ ಸಾಕು, ಗುಂಡಿ ಪೂರ್ತಿ ಚಲಿಸುವುದಿಲ್ಲ. ಲಿವರ್ ಬಿಚ್ಚಿ, ಬೆರಳಿನಿಂದಲೇ ಗುಂಡಿ ಒತ್ತಿ ಬಿಟ್ಟು ನೋಡಿ. ಬೆರಳಿಗೆ ಕೆಲಸ ಮಾಡಿ ಲಿವರಿಗೆ ಮಾಡದಿದ್ದರೆ ತಪ್ಪು ಲಿವರಿನದು. ಅದನ್ನು ವಾಪಸ್ ಕೊಟ್ಟು ಸರಿಯಾದದ್ದು ಹಾಕಿಸುವುದೇ ಒಳ್ಳೆಯದು. ಟೇಪು ಸುತ್ತಿ, ತುಂಡು ಅಂಟಿಸಿ ಹೊಂದಿಸಿದ್ದು ಮಳೆಗಾಲ ದಾಟುವುದಿಲ್ಲ.

ದಪ್ಪ ಗ್ರಿಪ್ ಹಾಕಿಸಿದರೂ ಈ ತೊಂದರೆ ಬರುತ್ತದೆ. ಲಿವರ್ ಪೂರ್ತಿ ಒಳಗೆ ಬರುವ ಮೊದಲೇ ಗ್ರಿಪ್ಪಿಗೆ ತಾಗಿ ನಿಂತುಬಿಡುತ್ತದೆ.

ಕ್ಲಚ್ ಹಿಡಿಯದಿದ್ದರೂ ಗೇರಿನಲ್ಲೇ ಸೆಲ್ಫ್ ತಿರುಗುತ್ತಿದೆ. ಅನುಕೂಲವೇ ಆಯ್ತಲ್ಲ, ಹಾಗೇ ಬಿಡಬಹುದಾ?

ಬಿಡಬೇಡಿ. ಇದು ಸ್ಟಾರ್ಟ್ ಆಗದಿರುವುದಕ್ಕಿಂತ ಕೆಟ್ಟ ತೊಂದರೆ. ಸ್ಟಾರ್ಟ್ ಆಗದ ಬೈಕ್ ಯಾರಿಗೂ ಗುದ್ದುವುದಿಲ್ಲ. ಸ್ವಿಚ್ ಕೂಡಿಕೊಂಡೇ ಅಂಟಿರಬಹುದು, ಎರಡು ವೈರ್ ಒಂದಕ್ಕೊಂದು ತಾಗಿರಬಹುದು, ಹಿಂದೆ ಯಾರೋ ಬೇಕೆಂದೇ ಸೇರಿಸಿಟ್ಟಿರಬಹುದು. ಹಳೆಯ ಬೈಕ್ ಕೊಂಡವರು ಲಿವರ್ ಕೆಳಗೆ ಟೇಪು ಸುತ್ತಿದ ವೈರ್ ಇದೆಯೇ ಎಂದು ಒಮ್ಮೆ ಬಗ್ಗಿ ನೋಡಲೇಬೇಕು.

ಓಡಿಸುತ್ತಿರುವಾಗ ಈ ಸ್ವಿಚ್ ಕೆಟ್ಟರೆ ಎಂಜಿನ್ ಆಫ್ ಆಗಿಬಿಡುತ್ತಾ?

ಸಾಮಾನ್ಯವಾಗಿ ಇಲ್ಲ. ಎಂಜಿನ್ ಓಡುತ್ತಿರುವಾಗ ಸ್ಟಾರ್ಟರ್ ಸರ್ಕ್ಯೂಟಿಗೆ ಕೆಲಸವೇ ಇರುವುದಿಲ್ಲ. ತೊಂದರೆ ಗೊತ್ತಾಗುವುದು ಸಿಗ್ನಲ್ಲಿನಲ್ಲಿ ಎಂಜಿನ್ ನಿಂತು, ಗೇರಿನಲ್ಲೇ ಮತ್ತೆ ಸ್ಟಾರ್ಟ್ ಮಾಡಲು ಹೋದಾಗ. ಓಡುವಾಗಲೇ ಎಂಜಿನ್ ಕಟ್ ಆಗುತ್ತಿದ್ದರೆ ಸ್ಟ್ಯಾಂಡ್ ಸ್ವಿಚ್, ಸ್ಟಾಪ್ ಸ್ವಿಚ್, ಕೀ ಸ್ವಿಚ್ ನೋಡಿ.

ನಡುದಾರಿಯಲ್ಲಿ ನಿಂತಿದ್ದೇನೆ, ಹಿಂದೆ ವಾಹನಗಳು ಹಾರ್ನ್ ಹೊಡೀತಿವೆ. ಈಗ ಏನು ಮಾಡಲಿ?

ಮೊದಲು ನ್ಯೂಟ್ರಲ್ ಮಾಡಿ, ಒತ್ತಿ ನೋಡಿ. ಆಗದಿದ್ದರೆ ಅಲ್ಲೇ ನಿಂತು ಬಟನ್ ಒತ್ತುತ್ತಾ ಇರಬೇಡಿ, ಪಕ್ಕಕ್ಕೆ ತಳ್ಳಿಕೊಳ್ಳಿ. ರಸ್ತೆ ಬದಿಗೆ ಬಂದ ಮೇಲೆ ಲಿವರ್ ನಾಲ್ಕಾರು ಸಲ ಜೋರಾಗಿ ಎಳೆದು ಬಿಡಿ, ಲಿವರ್ ಕೆಳಗಿನ ಕನೆಕ್ಟರನ್ನು ಒಳಕ್ಕೆ ಒತ್ತಿ. ಅದು ಅರ್ಧ ಕಳಚಿರುವುದೂ ಉಂಟು. ಕಿಕ್ಕರ್ ಇದ್ದರೆ ಕಿಕ್ ಹೊಡೆಯಿರಿ. ಇಲ್ಲದಿದ್ದರೆ ಎರಡನೇ ಗೇರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಿ, ಮನೆಗೋ ಮೆಕ್ಯಾನಿಕ್ ಹತ್ತಿರಕ್ಕೋ ತಲುಪುವ ತನಕ ಎಂಜಿನ್ ಆಫ್ ಮಾಡಬೇಡಿ.

## ಮೀಟರ್ ಹಿಡಿಯುವವರಿಗೆ

ಮಲ್ಟಿಮೀಟರ್ ಇದೆ. ಸ್ವಿಚ್ಚನ್ನು ಹೇಗೆ ನೋಡಲಿ?

ಕೀ ಆಫ್ ಮಾಡಿ. ಸ್ವಿಚ್ಚಿನ ಎರಡು ವೈರುಗಳ ಕನೆಕ್ಟರ್ ಬಿಚ್ಚಿ. ಮೀಟರನ್ನು ಕಂಟಿನ್ಯುಟಿ (ದಾರಿ ಕೂಡಿದ್ದರೆ ಬೀಪ್ ಅನ್ನುವ ಸ್ಥಾನ) ಅಥವಾ ಅಡಚಣೆ ಅಳೆಯುವ ಓಮ್ಸ್‌ಗೆ ಹಾಕಿ, ಎರಡು ಪ್ರೋಬನ್ನು ಸ್ವಿಚ್ಚಿನ ಎರಡು ಟರ್ಮಿನಲ್ಲಿಗೆ ಹಿಡಿಯಿರಿ. ಲಿವರ್ ಹಿಡಿದಾಗ ಬೀಪ್ ಬರಬೇಕು, ಬಿಟ್ಟಾಗ ನಿಲ್ಲಬೇಕು. ಕೆಲವು ಬೈಕುಗಳಲ್ಲಿ ಇದು ಉಲ್ಟಾ ಇರುತ್ತದೆ, ವೈರಿಂಗ್ ಚಿತ್ರ ನೋಡಿ ಖಚಿತ ಮಾಡಿಕೊಳ್ಳಿ. ಎರಡೂ ಸ್ಥಿತಿಯಲ್ಲಿ ಒಂದೇ ಉತ್ತರ ಬಂದರೆ ಸ್ವಿಚ್ ಹೋಗಿದೆ.

ಬೀಪ್ ಕೇಳಿ ಸಮಾಧಾನ ಪಡಬೇಡಿ. ಓಮ್ಸ್ ಅಂಕಿಯನ್ನೂ ಓದಿ. ಪ್ರೋಬುಗಳನ್ನು ಒಂದಕ್ಕೊಂದು ತಾಗಿಸಿದಾಗ ಎಷ್ಟು ತೋರಿಸುತ್ತದೋ ಅದರ ಹತ್ತಿರವೇ ಇರಬೇಕು. ಲಿವರನ್ನು ಹತ್ತು ಸಲ ಎಳೆದು ನೋಡಿ. ಅಂಕಿ ಒಮ್ಮೆ 0.3, ಒಮ್ಮೆ 5, ಒಮ್ಮೆ 40 ಎಂದು ಕುಣಿದರೆ ಆ ಸ್ವಿಚ್ಚನ್ನು ನಂಬುವಂತಿಲ್ಲ.

ಮೀಟರಿನಲ್ಲಿ ಬೀಪ್ ಬರುತ್ತೆ. ಆದರೂ ರಿಲೇ ಎಳೆಯಲ್ಲ. ಇದೆಂಥದ್ದು?

ಮೀಟರ್ ಕಳಿಸುವುದು ತೀರಾ ಸಣ್ಣ ಕರೆಂಟ್. ರಿಲೇ ಕಾಯಿಲಿಗೆ ಬೇಕಾದದ್ದು ಆಂಪಿಯರ್ ಲೆಕ್ಕದಲ್ಲಿ. ಒಂದು ಉದಾಹರಣೆ ತೆಗೆದುಕೊಳ್ಳಿ. ಕಾಯಿಲ್ 4 ಓಮ್, ಬ್ಯಾಟರಿ 12 ವೋಲ್ಟ್. ಸ್ವಿಚ್ ಚೆನ್ನಾಗಿದ್ದರೆ 3 ಆಂಪಿಯರ್ ಹರಿಯುತ್ತದೆ. ಸ್ವಿಚ್ಚಿನ ಕಾಂಟ್ಯಾಕ್ಟಿನಲ್ಲಿ ಬರೀ 2 ಓಮ್ ಅಡಚಣೆ ಸೇರಿದರೆ ಒಟ್ಟು 6 ಓಮ್. ಹರಿಯುವುದು 2 ಆಂಪಿಯರ್, ಕಾಯಿಲಿಗೆ ಸಿಗುವುದು 8 ವೋಲ್ಟ್. ಬ್ಯಾಟರಿಯೂ ಸ್ವಲ್ಪ ಇಳಿದಿದ್ದರೆ ರಿಲೇ ಎಳೆಯದೇ ಇರಬಹುದು. ಮೀಟರ್ ಮಾತ್ರ 2 ಓಮಿಗೂ ಖುಷಿಯಾಗಿ ಬೀಪ್ ಅನ್ನುತ್ತದೆ.

ಆದ್ದರಿಂದ ಕೆಲಸ ಮಾಡುತ್ತಿರುವಾಗಲೇ ಅಳೆಯಿರಿ. ಮೀಟರನ್ನು ಡಿಸಿ ವೋಲ್ಟಿಗೆ ಹಾಕಿ. ಕನೆಕ್ಟರ್ ಬಿಚ್ಚದೆ, ಹಿಂದಿನಿಂದ ಎರಡೂ ಟರ್ಮಿನಲ್ಲಿಗೆ ಪ್ರೋಬ್ ತಾಗಿಸಿ. ಕ್ಲಚ್ ಹಿಡಿದು ಬಟನ್ ಒತ್ತಿದಾಗ ಸ್ವಿಚ್ಚಿನ ಅಡ್ಡಕ್ಕೆ ವೋಲ್ಟೇಜ್ ಸೊನ್ನೆಗೆ ಹತ್ತಿರ ಇರಬೇಕು. ಒಂದು ವೋಲ್ಟ್ ದಾಟಿದರೆ ಕಾಂಟ್ಯಾಕ್ಟ್ ವೋಲ್ಟೇಜ್ ನುಂಗುತ್ತಿದೆ. 12 ವೋಲ್ಟ್ ಬಂದರೆ ಅದು ಕೂಡಿಯೇ ಇಲ್ಲ.

ಇಲ್ಲೊಂದು ಎಚ್ಚರ. ನ್ಯೂಟ್ರಲ್ ದಾರಿ ಇರುವ ಬೈಕಿನಲ್ಲಿ ನ್ಯೂಟ್ರಲ್ ಇಟ್ಟು ಅಳೆದರೆ ಕರೆಂಟು ಆ ಕಡೆಯಿಂದ ಹೋಗಿಬಿಡುತ್ತದೆ, ಅಳತೆ ಸುಳ್ಳಾಗುತ್ತದೆ. ಹಾಗೆಂದು ಗೇರು ಹಾಕಬೇಡಿ. ಗೇರು ನ್ಯೂಟ್ರಲ್‌ನಲ್ಲೇ ಇರಲಿ, ನ್ಯೂಟ್ರಲ್ ಸ್ವಿಚ್ಚಿನ ವೈರ್ ಬಿಚ್ಚಿ, ಸೈಡ್ ಸ್ಟ್ಯಾಂಡ್ ಎತ್ತಿ. ಬೈಕ್ ತಾನು ಗೇರಿನಲ್ಲಿದ್ದೇನೆ ಅಂದುಕೊಳ್ಳುತ್ತದೆ, ಆದರೆ ಜಿಗಿಯುವುದಿಲ್ಲ. ಒಂದೇ ವೈರಿನ ನ್ಯೂಟ್ರಲ್ ಸ್ವಿಚ್ ಇರುವ ಬೈಕಿಗೆ ಮಾತ್ರ ಇದು ಸರಿ. ಗೇರ್ ಪೊಸಿಷನ್ ಸೆನ್ಸರ್ ಇದ್ದರೆ ಬಿಚ್ಚಬೇಡಿ, ಇಸಿಯು ದೋಷದ ಲೈಟ್ ಹಚ್ಚುತ್ತದೆ.

ಕ್ಲಚ್ ಹಿಡಿದರೆ ನ್ಯೂಟ್ರಲ್ ಲೈಟ್ ಉರಿಯುತ್ತೆ, ಗೇರಿನಲ್ಲಿದ್ದರೂ! ದೆವ್ವ ಹಿಡಿದಿದೆಯಾ?

ಡಯೋಡ್ ಶಾರ್ಟ್ ಆಗಿದೆ. ಅರ್ಥ್‌ಗೆ ಹೋಗುವ ಎರಡು ದಾರಿಗಳು ರಿಲೇ ಕಾಯಿಲಿನ ಹತ್ತಿರ ಸೇರುತ್ತವೆ ಎಂದೆನಲ್ಲ, ಅಲ್ಲಿ ನ್ಯೂಟ್ರಲ್ ದಾರಿಗೆ ಒಂದು ಡಯೋಡ್ ಇರುತ್ತದೆ. ಕರೆಂಟು ಒಂದೇ ದಿಕ್ಕಿಗೆ ಹೋಗಲಿ ಎಂದು. ಅದು ಶಾರ್ಟ್ ಆದರೆ, ಸ್ಟ್ಯಾಂಡ್ ಎತ್ತಿ ಕ್ಲಚ್ ಹಿಡಿದಾಗ ನ್ಯೂಟ್ರಲ್ ಬಲ್ಬಿಗೂ ಆ ದಾರಿಯಿಂದಲೇ ಅರ್ಥ್ ಸಿಕ್ಕಿ ಲೈಟ್ ಉರಿಯುತ್ತದೆ. ಡಯೋಡ್ ಕಡಿದುಹೋದರೆ ಲಕ್ಷಣ ಬೇರೆ: ಲೈಟ್ ಸರಿಯಾಗಿ ಉರಿಯುತ್ತದೆ, ಆದರೆ ನ್ಯೂಟ್ರಲ್‌ನಲ್ಲೂ ಕ್ಲಚ್ ಹಿಡಿದರೆ ಮಾತ್ರ ಸ್ಟಾರ್ಟ್. ಫ್ಯೂಸ್ ಪೆಟ್ಟಿಗೆಯಲ್ಲೋ ವೈರಿಂಗಿನ ನಡುವೆಯೋ ಸಣ್ಣ ಪ್ಲಾಸ್ಟಿಕ್ ಬಿಲ್ಲೆಯಂತೆ ಇರುವ ಇದನ್ನು ಮೀಟರಿನ ಡಯೋಡ್ ಸ್ಥಾನದಲ್ಲಿ ಅಳೆಯಬಹುದು. ಒಂದು ದಿಕ್ಕಿಗೆ ಅಂಕಿ ಬರಬೇಕು, ಉಲ್ಟಾ ಹಿಡಿದರೆ ಬರಬಾರದು.

ಕ್ಲೀನ್ ಮಾಡಿದರೆ ಸಾಕಾ, ಹೊಸದೇ ಹಾಕಬೇಕಾ?

ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಸಲ ಹೊಡೆದು, ಗುಂಡಿಯನ್ನು ಇಪ್ಪತ್ತು ಮೂವತ್ತು ಸಲ ಒತ್ತಿ, ಒಣಗಲು ಬಿಟ್ಟು ಮತ್ತೆ ಅಳೆಯಿರಿ. ಓಮ್ಸ್ ಸ್ಥಿರವಾದರೆ ಇಟ್ಟುಕೊಳ್ಳಿ. ಒಳಗೆ ಗ್ರೀಸ್, ಆಯಿಲ್ ಹಾಕಬೇಡಿ, ಧೂಳು ಹಿಡಿದು ಇನ್ನೂ ಬೇಗ ಕೆಡುತ್ತದೆ. ಕುಣಿತ ನಿಲ್ಲದಿದ್ದರೆ ಬದಲಿಸಿ.

ಬಿಚ್ಚುವಾಗ ಅವಸರ ಬೇಡ. ಕೆಲವು ಸ್ವಿಚ್ಚುಗಳಿಗೆ ಒಂದು ಪುಟ್ಟ ಸ್ಕ್ರೂ ಇರುತ್ತದೆ, ತಲೆ ಬೇಗ ಸವೆಯುತ್ತದೆ, ಸರಿಯಾಗಿ ಕೂರುವ ಡ್ರೈವರ್ ಬಳಸಿ. ಕೆಲವಕ್ಕೆ ಸ್ಕ್ರೂ ಇರುವುದಿಲ್ಲ. ಬ್ರಾಕೆಟಿನ ಕೆಳಗಿನ ಸಣ್ಣ ತೂತಿನಲ್ಲಿ ಪಿನ್ನು ತೂರಿಸಿ ಲಾಕ್ ಒತ್ತಿದರೆ ಹೊರಗೆ ಬರುತ್ತದೆ. ಹೊಸದನ್ನು ಬಿಗಿಯುವಾಗ ಹಗುರ ಕೈ ಇರಲಿ, ಪ್ಲಾಸ್ಟಿಕ್ ಸೀಳುತ್ತದೆ.

ಎರಡು ವೈರ್ ಸೇರಿಸಿ ಟೇಪ್ ಸುತ್ತಿಬಿಡಿ ಅಂತಾರೆ. ಮಾಡಬಹುದಾ?

ಊರು ಸೇರಲು ಬೇರೆ ದಾರಿಯೇ ಇಲ್ಲದಿದ್ದರೆ ಆ ಒಂದು ಪ್ರಯಾಣಕ್ಕೆ ಮಾಡಬಹುದು. ಲಿವರ್ ಹಿಡಿದಾಗ ಕೂಡುವ ಸ್ವಿಚ್ ಆಗಿದ್ದರೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ. ಆ ದಿನವೆಲ್ಲ ನ್ಯೂಟ್ರಲ್ ಮಾಡಿ, ಕ್ಲಚ್ ಮತ್ತು ಬ್ರೇಕ್ ಹಿಡಿದೇ ಸ್ಟಾರ್ಟ್ ಮಾಡಿ. ಬೈಕನ್ನು ಬೇರೆ ಯಾರ ಕೈಗೂ ಕೊಡಬೇಡಿ. ಹೊಸ ಸ್ವಿಚ್ ಸಿಕ್ಕ ದಿನವೇ ಟೇಪ್ ಬಿಚ್ಚಿ.

ಶಾಶ್ವತವಾಗಿ ಹಾಗೇ ಬಿಡುವುದನ್ನು ನಾನು ಒಪ್ಪುವುದಿಲ್ಲ. ನಿಮಗೆ ನೆನಪಿರುತ್ತದೆ, ಸರಿ. ನಿಮ್ಮ ಬೈಕನ್ನು ನಾಳೆ ಓಡಿಸುವ ತಮ್ಮನಿಗೆ, ಪಾರ್ಕಿಂಗ್‌ನಲ್ಲಿ ಪಕ್ಕಕ್ಕೆ ಸರಿಸುವವರಿಗೆ, ಮುಂದೆ ಕೊಳ್ಳುವವರಿಗೆ ಅದು ಗೊತ್ತಿರುವುದಿಲ್ಲ.

ನನ್ನದು ಹೊಸ ಬೈಕ್. ಕ್ಲಚ್ ಸ್ವಿಚ್ ಬೈಪಾಸ್ ಮಾಡಿದ ಮೇಲೆ ಸ್ಟಾರ್ಟ್ ಆಗುತ್ತೆ, ಆದರೆ ಕ್ರೂಸ್ ಕಂಟ್ರೋಲ್ (ವೇಗವನ್ನು ತಾನೇ ಒಂದೇ ಸಮ ಇಡುವುದು), ಕ್ವಿಕ್‌ಶಿಫ್ಟರ್ (ಕ್ಲಚ್ ಹಿಡಿಯದೆ ಗೇರು ಬದಲಿಸಲು ಬಿಡುವುದು) ಎರಡೂ ಹೋಗಿದೆ.

ಇಸಿಯು ಆ ಸ್ವಿಚ್ಚನ್ನು ಸ್ಟಾರ್ಟ್ ಮಾಡುವಾಗ ಮಾತ್ರ ನೋಡುವುದಿಲ್ಲ. ನೀವು ಕ್ಲಚ್ ಹಿಡಿದ ಕ್ಷಣ ಕ್ರೂಸ್ ಕಂಟ್ರೋಲ್ ಬಿಡಿಸಬೇಕು, ಇಲ್ಲದಿದ್ದರೆ ಭಾರ ಕಳಚಿದ ಎಂಜಿನ್ ರೊಂಯ್ಯನೆ ಏರಿಬಿಡುತ್ತದೆ. ಕ್ಲಚ್ ಹಿಡಿದೇ ಗೇರು ಬದಲಿಸುವಾಗ ಕ್ವಿಕ್‌ಶಿಫ್ಟರ್ ಮಧ್ಯೆ ಬಾಯಿ ಹಾಕಬಾರದು. ವೈರ್ ಸೇರಿಸಿದ ಮೇಲೆ ಇಸಿಯುಗೆ ಕ್ಲಚ್ ಸದಾ ಹಿಡಿದಂತೆಯೇ ಕಾಣುತ್ತದೆ. ಅದಕ್ಕೇ ಎರಡನ್ನೂ ನಿಲ್ಲಿಸಿದೆ, ಅವು ಕೆಟ್ಟಿಲ್ಲ.

ಬೈಪಾಸ್ ತೆಗೆದು ಹೊಸ ಸ್ವಿಚ್ ಹಾಕಿ. ಆಮೇಲೆ ಮೂರು ಕೆಲಸ ಮಾಡಿ ನೋಡಿ. ಎಂಜಿನ್ ಆಫ್ ಇಟ್ಟು, ಬೈಕ್ ಮೇಲೆ ಕೂತು, ಸ್ಟ್ಯಾಂಡ್ ಎತ್ತಿ, ಮುಂದೆ ಖಾಲಿ ಜಾಗವಿರುವ ಕಡೆ ಗೇರು ಹಾಕಿ, ಎರಡೂ ಬ್ರೇಕ್ ಬಿಗಿಯಾಗಿ ಹಿಡಿದು, ಕ್ಲಚ್ ಬಿಟ್ಟು ಬಟನ್ನನ್ನು ತಟ್ಟಿ ಬಿಡಿ: ಸ್ಟಾರ್ಟರ್ ತಿರುಗಬಾರದು. ಕ್ಲಚ್ ಹಿಡಿದು ಒತ್ತಿ: ತಿರುಗಬೇಕು. ಕೊನೆಗೆ ಖಾಲಿ ರಸ್ತೆಯಲ್ಲಿ ಕ್ರೂಸ್ ಹಾಕಿ ಕ್ಲಚ್ಚನ್ನು ಸ್ವಲ್ಪವೇ ಎಳೆಯಿರಿ: ಕ್ರೂಸ್ ತಕ್ಷಣ ಬಿಡಬೇಕು. ಬಿಡಲು ತಡ ಮಾಡಿದರೆ ಸ್ವಿಚ್ ಸರಿಯಾಗಿ ಕೂತಿಲ್ಲ, ಬಿಚ್ಚಿ ಮತ್ತೆ ಕೂರಿಸಿ.